ನೂರು ಪಾಯಿಂಟಿನ ಸುಸ್ಥಿರ ಅಭಿವೃದ್ಧಿ

ಮೂರನೇ ಸೆಮಿಸ್ಟರ್‌ನಲ್ಲಿ ನಮಗೆಲ್ಲ ‘ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಅಂತ ಒಂದು ಸಬ್ಜೆಕ್ಟ್ ಇದೆ. ಸೆಮ್ ಎಂಡ್ ಎಕ್ಸಾಮ್ ಇಲ್ಲ, ಪೂರ್ತಿ ಇಂಟರ್ನಲ್ಸ್. ಹಾಗಾಗಿ ಅದರ ಮೇಲೆ ಯಾರಿಗೂ ಸಿಟ್ಟಿಲ್ಲ, ಪ್ರೀತಿಯೂ ಇಲ್ಲ. ಒಮ್ಮೆ ಅದರ ಸಿಲಬಸ್ ತೆಗೆದು ಓದಿ ನೋಡಿ. ಒಂದು ಗಿಡ ನೆಟ್ಟು ನಾಲ್ಕು ವರ್ಷ ದತ್ತು ತಗೋಬೇಕು. ಊರಿನ ಇತಿಹಾಸ, ಕುಶಲಕರ್ಮಿಗಳನ್ನು ತಿಳಿದುಕೊಳ್ಳಬೇಕು. ಸಾವಯವ ಕೃಷಿ, ಕಸ ನಿರ್ವಹಣೆ ನೋಡಬೇಕು. ಸುತ್ತಲಿನ ಹಳ್ಳಿಗಳಲ್ಲಿ ನೀರು ಹೇಗೆ ಉಳಿಸ್ತಾರೆ ಅಂತ ಕೇಳಬೇಕು. ಕಡೆಗೆ ಊಟದ ಸಂಸ್ಕೃತಿ. ಓದೋಕೆ ಬಹಳ ಚೆನ್ನಾಗಿದೆ, ಸುಳ್ಳು ಹೇಳೋದು ಬೇಡ. ಆದರೆ ಒಂದು ಶಬ್ದ ಅಲ್ಲಿ ಮತ್ತೆ ಮತ್ತೆ ಬರುತ್ತೆ: ಫೋಟೋ ಬ್ಲಾಗ್. ಗಿಡ ನೆಟ್ಟರೆ ಫೋಟೋ ಬ್ಲಾಗ್, ಮಗ್ಗ ನೋಡಿದರೆ ಫೋಟೋ ಬ್ಲಾಗ್, ನೀರಿನ ಬಗ್ಗೆ ಕೇಳಿದರೂ ಫೋಟೋ ಬ್ಲಾಗ್. ಇಲ್ಲವೇ ಡಾಕ್ಯುಮೆಂಟರಿ.

ನಮ್ಮ ವಾದ ಇಷ್ಟೇ. ದೇಶದಲ್ಲಿ ಸುಸ್ಥಿರ ಅಭಿವೃದ್ಧಿಯ ಶಿಕ್ಷಣಕ್ಕೆ ನೀತಿಗಳಿಗೇನೂ ಕಡಿಮೆ ಇಲ್ಲ, ಯುವಜನರನ್ನು ತೊಡಗಿಸಿಕೊಳ್ಳಬೇಕು ಅನ್ನೋ ಮಾತಿಗೂ ಕಡಿಮೆ ಇಲ್ಲ. ಆದರೆ ಆ ನೀತಿ ಮೇಲಿಂದ ಇಳಿದು ನಮ್ಮ ಕೈಗೆ ಬರೋ ಹೊತ್ತಿಗೆ ಫೋಟೋ, ಸಹಿ, ಸೀಲು ಇಷ್ಟೇ ಉಳಿದಿರುತ್ತೆ. ಇಂಜಿನಿಯರಿಂಗ್ ಓದುವವರಿಗೆ ಇದು ಸ್ವಲ್ಪ ಅವಮಾನದ ವಿಷಯ ಅಂತ ನಮಗನ್ನಿಸುತ್ತೆ. ನಮಗೆ ಅಳೆಯೋದನ್ನು ಕಲಿಸ್ತಾರೆ, ಆಮೇಲೆ ಊರಿಗೆ ಕಳಿಸುವಾಗ ಅಳೆಯೋ ಸಾಮಾನು ಬಿಟ್ಟು ಮೊಬೈಲ್ ತಗೊಂಡು ಹೋಗಿ ಅಂತಾರೆ.

ಈ ನೀತಿಗಳು ಎಲ್ಲಿಂದ ಬಂದವು ಅಂತ ಚೂರು ನೋಡೋಣ, ಬೇಗ ಮುಗಿಸ್ತೀವಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಪರಿಸರ ಪ್ರಜ್ಞೆ ಶಿಕ್ಷಣದ ಎಲ್ಲ ಹಂತದಲ್ಲೂ ಇರಬೇಕು ಅಂತ ಬರೆದಿತ್ತು. 1987ರಲ್ಲಿ ಬ್ರುಂಟ್‌ಲಾಂಡ್ ವರದಿ ಬಂತು. ಮುಂದಿನ ಪೀಳಿಗೆಯ ಅಗತ್ಯಕ್ಕೆ ಧಕ್ಕೆ ಬಾರದ ಹಾಗೆ ಇಂದಿನ ಅಗತ್ಯ ಪೂರೈಸೋದು ಅನ್ನೋ ಆ ಒಂದು ಸಾಲಿನ ವ್ಯಾಖ್ಯೆಯನ್ನು ನಾವು ಏಳನೇ ಕ್ಲಾಸಿನಿಂದ ಬಾಯಿಪಾಠ ಮಾಡ್ತಾ ಬಂದಿದ್ದೀವಿ. 1991ರ ನವೆಂಬರ್‌ನಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ವಿಷಯ ಮಾಡಿ ಅಂತ ಹೇಳಿತು. ಹೇಳಿದ ಮೇಲೂ ಹನ್ನೆರಡು ವರ್ಷ ಎಳೆದಾಡಿ, 2003ರಲ್ಲಿ ಕೋರ್ಟು ಮತ್ತೆ ಕಿವಿ ಹಿಂಡಿದ ಮೇಲೆ ಡಿಗ್ರಿ ಕಾಲೇಜುಗಳಿಗೆ ಯುಜಿಸಿಯ ಆರು ತಿಂಗಳ ಕೋರ್ಸು ಬಂತು. ಅಂದರೆ ನಮ್ಮ ‘ಎನ್ವಿರಾನ್‌ಮೆಂಟಲ್ ಸ್ಟಡೀಸ್’ ಯಾವ ಪ್ರೊಫೆಸರ್‌ಗೂ ಹೊಳೆದು ಬಂದದ್ದಲ್ಲ, ಕೋರ್ಟಿನ ಆದೇಶದ ಮೇಲೆ ಬಂದದ್ದು. ಅದಕ್ಕೇ ಇರಬೇಕು, ಅದರ ಮುಖದಲ್ಲಿ ಇನ್ನೂ ಆ ಕಡ್ಡಾಯದ ಕಳೆ ಇದೆ. ವಿಟಿಯು ಸ್ಕೀಮಿನಲ್ಲಿ ಅದು ಐದನೇ ಸೆಮಿಸ್ಟರ್‌ಗೆ ಬರುತ್ತೆ. 2018ರ ಸ್ಕೀಮಿನ ಸೀನಿಯರ್‌ಗಳು ಅದನ್ನು ಓಎಂಆರ್ ಶೀಟಿನಲ್ಲಿ ಗುಂಡಗೆ ಕಪ್ಪು ಮಾಡಿ ಪಾಸಾದವರು.

ಆಮೇಲೆ 2020ರ ಹೊಸ ಶಿಕ್ಷಣ ನೀತಿ. ಹವಾಮಾನ ಬದಲಾವಣೆ, ಮಾಲಿನ್ಯ, ಕಸ, ಜೀವವೈವಿಧ್ಯ, ಸುಸ್ಥಿರ ಅಭಿವೃದ್ಧಿ ಎಲ್ಲ ಅದರಲ್ಲಿವೆ, ಸಮಾಜದ ಜೊತೆ ಸೇರಿ ಮಾಡೋ ಪ್ರಾಜೆಕ್ಟುಗಳೂ ಇರಬೇಕು ಅಂತಿದೆ. ಇನ್ನೊಂದು ಕಡೆಯಿಂದ ಯುವಜನ ನೀತಿಗಳು. 1988, 2003, 2014. ಕಡೆಯದರಲ್ಲಿ ಯುವಜನ ಅಂದರೆ 15ರಿಂದ 29 ವರ್ಷ. 2014ರಲ್ಲೇ ಉನ್ನತ ಭಾರತ ಅಭಿಯಾನ ಬಂತು, ಅದರಲ್ಲಿ ಕಾಲೇಜುಗಳು ಹಳ್ಳಿಗಳನ್ನು ದತ್ತು ತಗೋಬೇಕು. 2022ರ ಅಕ್ಟೋಬರ್‌ನಲ್ಲಿ ಮಿಷನ್ ಲೈಫ್, 75 ಸಣ್ಣ ಸಣ್ಣ ಕೆಲಸಗಳ ಪಟ್ಟಿ ಸಮೇತ. 2023ರ ಅಕ್ಟೋಬರ್ 31ಕ್ಕೆ ‘ಮೇರಾ ಯುವ ಭಾರತ್’ ಪೋರ್ಟಲ್. ಇವೆಲ್ಲದರ ಹಿರಿಯಣ್ಣ ನಮ್ಮ ಎನ್‌ಎಸ್‌ಎಸ್, 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಶತಮಾನೋತ್ಸವದ ವರ್ಷದಲ್ಲಿ ಶುರುವಾದದ್ದು.

ಇಂಜಿನಿಯರಿಂಗ್‌ನವರಿಗೆ ಇಷ್ಟು ಸಾಲದು ಅಂತ ಎಐಸಿಟಿಇಯವರ ಆಕ್ಟಿವಿಟಿ ಪಾಯಿಂಟ್ಸ್ ಬೇರೆ. ನಾಲ್ಕು ವರ್ಷದಲ್ಲಿ 100 ಪಾಯಿಂಟ್, ಲ್ಯಾಟರಲ್ ಎಂಟ್ರಿಯವರಿಗೆ 75. ಎರಡು ವಾರ, ಅಂದರೆ 80ರಿಂದ 90 ಗಂಟೆ ಕೆಲಸ ಮಾಡಿದರೆ 20 ಪಾಯಿಂಟ್. ಇದು ಇಲ್ಲದೆ ಡಿಗ್ರಿ ಕೈಗೆ ಸಿಗೋದಿಲ್ಲ. ಆ ಪಟ್ಟಿಯಲ್ಲಿ ಏನೇನಿದೆ ಗೊತ್ತಾ? ಸುಸ್ಥಿರ ನೀರು ನಿರ್ವಹಣೆ, ಕಸ ವಿಲೇವಾರಿ, ಹಳ್ಳಿಯ ಉತ್ಪನ್ನಗಳಿಗೆ ಮಾರುಕಟ್ಟೆ, ಸ್ಥಳೀಯ ಕೆಲಸಗಳಿಗೆ ಯಂತ್ರ, ವಿದ್ಯುತ್ ಉಳಿತಾಯ. ಒಂದೊಂದೂ ನಿಜವಾದ ಇಂಜಿನಿಯರಿಂಗ್ ಕೆಲಸ. ಪಟ್ಟಿ ಮಾಡಿದವರ ಮೇಲೆ ನಮಗೆ ಗೌರವ ಇದೆ. ಆದರೆ ಪಟ್ಟಿ ಮಾಡಿದವರು ಒಂದು ಪ್ರಶ್ನೆ ಕೇಳಿಕೊಂಡಿಲ್ಲ: ಈ 80 ಗಂಟೆಯಲ್ಲಿ ಆ ಊರಿಗೆ ಏನು ಸಿಕ್ಕಿತು ಅಂತ ಹೇಳೋರು ಯಾರು? ನಮ್ಮ ಫೈಲಿನಲ್ಲಿ ನಮ್ಮ ಸಹಿ ಇರುತ್ತೆ, ಮೆಂಟರ್ ಸಹಿ ಇರುತ್ತೆ, ಸಂಸ್ಥೆಯೊಂದರ ಸೀಲು ಇರುತ್ತೆ. ಊರಿನವರದ್ದು ಒಂದು ಸಾಲೂ ಇರೋದಿಲ್ಲ. ದುಡ್ಡು ಕಟ್ಟಿದರೆ ಗಂಟೆ ಲೆಕ್ಕ ಬರೆದುಕೊಡುವವರು ಇದ್ದಾರೆ ಅಂತ ಹಾಸ್ಟೆಲಿನಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಅದರ ಬಗ್ಗೆ ಇಲ್ಲಿ ಬೇಡ. ಪ್ರಾಮಾಣಿಕವಾಗಿ ಹೋದವರಿಗೂ ಈ ವ್ಯವಸ್ಥೆಯಲ್ಲಿ ಏನು ಆಗುತ್ತೆ ಅನ್ನೋದೇ ನಮ್ಮ ವಿಷಯ.

ನಾವು ನಾಲ್ಕು ಮಂದಿ ಕಮತಗಿ ಆರಿಸಿಕೊಂಡೆವು. ಇಬ್ಬರು ಸಿವಿಲ್, ಒಬ್ಬ ಇ ಅಂಡ್ ಸಿ, ಒಬ್ಬಳು ಸಿಎಸ್. ನಮ್ಮ ಬ್ಯಾಚಿನ ಹೆಚ್ಚಿನ ತಂಡಗಳು ಐಹೊಳೆಗೆ ಹೋದವು, ಸಹಜ, ಫೋಟೋ ಚೆನ್ನಾಗಿ ಬರುತ್ತೆ. ಕಮತಗಿ ಬಾಗಲಕೋಟೆಯಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ಹಾದಿ. ಹುನಗುಂದ ತಾಲೂಕಿನ ಪಟ್ಟಣ ಪಂಚಾಯತಿ, ಹುಚ್ಚೇಶ್ವರ ಮಠದ ಊರು, ನೇಕಾರರ ಊರು. ಸೀರೆ ಪ್ರಸಿದ್ಧಿ ಇಳಕಲ್ಲಿನದು, ಕಣ (ಕುಬಸದ ಬಟ್ಟೆ) ಗುಳೇದಗುಡ್ಡದ್ದು, ಕರದಂಟು ಪಕ್ಕದ ಅಮೀನಗಡದ್ದು. ಕಮತಗಿಯ ಹೆಸರು ಯಾವ ಡಬ್ಬಿಯ ಮೇಲೂ ಇರೋದಿಲ್ಲ. ಆದರೆ ಇಳಕಲ್ ಸೀರೆ ಇಳಕಲ್ಲಿನಲ್ಲಷ್ಟೇ ತಯಾರಾಗೋದಿಲ್ಲ, ಸುತ್ತಲಿನ ಇಂಥ ಊರುಗಳ ಮನೆಮನೆಯಲ್ಲಿ ನೇಯುತ್ತಾರೆ. ನಮ್ಮಲ್ಲಿ ಒಬ್ಬಳ ತಾಯಿಯ ತವರು ಕಮತಗಿ ಆದ್ದರಿಂದ ಬಾಗಿಲು ಬೇಗ ತೆರೆಯಿತು.

ಕುಣಿ ಮಗ್ಗ ನೋಡದವರಿಗೆ ಎರಡು ಮಾತು. ನೆಲದಲ್ಲಿ ಒಂದು ಕುಣಿ ತೋಡಿರ್ತಾರೆ. ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲು ಕುಣಿಯೊಳಗೆ ಬಿಟ್ಟು ಪೆಡಲ್ ತುಳೀತಾರೆ. ಕೈಯಲ್ಲಿ ಲಾಳಿ. ಮೋಟರ್ ಇಲ್ಲ, ಕರೆಂಟ್ ಬೇಕಾದದ್ದು ಒಂದು ಬಲ್ಬಿಗೆ. ಇಳಕಲ್ ಸೀರೆಯ ವಿಶೇಷ ಅಂದರೆ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸೋದು. ಒಡಲು ಹತ್ತಿಯದ್ದು ಇರಬಹುದು, ಸೆರಗು ರೇಷ್ಮೆಯದ್ದು. ಎಳೆಗೆ ಎಳೆ ಕೊಂಡಿ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು, ಹಾಗಾಗಿ ಒಂದೇ ಉದ್ದನೆಯ ಹಾಸು ಹಾಕಿ ಹತ್ತಾರು ಸೀರೆ ಇಳಿಸೋಕೆ ಬರೋದಿಲ್ಲ. ಸಿಎಸ್ ಗೆಳತಿ ಇದನ್ನು ನೋಡಿ ‘ಇದು ಎರಡು ಬೇರೆ ಡೇಟಾ ಟೈಪ್‌ಗಳನ್ನ ಕೈಯಾರೆ ಲಿಂಕ್ ಮಾಡಿದಂಗ ಐತಿ’ ಅಂದಳು. ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಅದು ಅರ್ಥ ಆಗಲಿಲ್ಲ. ನಮಗೆ ಕೊಂಡಿ ಹಾಕೋಕೆ ಬರಲಿಲ್ಲ. ಲೆಕ್ಕ ಸರಿ ಆಯಿತು.

ಆ ಅಜ್ಜಿ ಹೇಳಿದ ಮಾತೇ ಈ ಲೇಖನಕ್ಕೆ ಕಾರಣ. ನಾವು ಮೊಬೈಲ್ ತೆಗೆದ ಕೂಡಲೇ ಆಕೆ ಸೆರಗು ಸರಿ ಮಾಡಿಕೊಂಡು, ಲಾಳಿ ಹಿಡಿದು, ಮುಖ ಎತ್ತಿ ಕೂತುಬಿಟ್ಟರು. ರೂಢಿ ಆಗಿಬಿಟ್ಟಿದೆ. ‘ಫೋಟೋ ತಗೊಂಡ್ ಹೋದವ್ರು ಭಾಳ ಮಂದಿ ಅದಾರ ನೋಡ್ರಿ. ತಿರುಗಿ ಬಂದವ್ರು ಒಬ್ರೂ ಇಲ್ಲ. ನೀವೂ ತಗೋರಿ, ನನಗೇನ್ ಕಮ್ಮಿ ಆಗತೈತಿ?’ ಅಂದರು. ಬೇಸರದಿಂದ ಹೇಳಿದ್ದಲ್ಲ, ನಗುನಗುತ್ತಾ ಹೇಳಿದರು. ಚಹಾನೂ ಕೊಟ್ಟರು.

ಈಗ ನೀತಿಯ ಕಡೆಯಿಂದ ಆ ಮಗ್ಗವನ್ನು ನೋಡಿ. ಮಿಷನ್ ಲೈಫ್‌ನಲ್ಲಿ ಪ್ರತಿಜ್ಞೆ ಮಾಡಿ ಅಂತ ನಮಗೆ ಹೇಳ್ತಾರೆ: ವಿದ್ಯುತ್ ಉಳಿಸಿ, ಬಳಸಿ ಬಿಸಾಡಬೇಡಿ, ಸ್ಥಳೀಯವಾದದ್ದನ್ನು ಕೊಳ್ಳಿ. ಆ ಅಜ್ಜಿ ಯಾವ ಪ್ರತಿಜ್ಞೆಯನ್ನೂ ಮಾಡದೆ ಐವತ್ತು ವರ್ಷದಿಂದ ಅದೇ ಕೆಲಸ ಮಾಡ್ತಿದ್ದಾರೆ. ಪವರ್‌ಲೂಮಿನ ಮೋಟರ್ ಒಂದು ಎಚ್‌ಪಿ ಅಂತ ಹಿಡಿದರೂ 746 ವ್ಯಾಟ್, ಪೂರ್ತಿ ಲೋಡಿನಲ್ಲಿ ಎಂಟು ಗಂಟೆಗೆ ಆರು ಯೂನಿಟ್ ಹತ್ತಿರ. ಕುಣಿ ಮಗ್ಗಕ್ಕೆ ಸೊನ್ನೆ. ಆದರೆ ಅಂಗಡಿಯಲ್ಲಿ ಎರಡೂ ಸೀರೆ ಪಕ್ಕಪಕ್ಕ ನೇತಾಡುವಾಗ ಈ ಆರು ಯೂನಿಟ್ ಎಲ್ಲೂ ಕಾಣೋದಿಲ್ಲ, ಬೆಲೆ ಮಾತ್ರ ಕಾಣುತ್ತೆ. 1985ರಲ್ಲೇ ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡೋ ಕಾನೂನು ಬಂದಿದೆ. ಇಳಕಲ್ ಸೀರೆಗೆ ಜಿಐ ಟ್ಯಾಗ್ ಕೂಡ ಇದೆ. ನಮ್ಮ ಎಥ್ನಿಕ್ ಡೇಗೆ ಹುಡುಗಿಯರು ಉಟ್ಟ ‘ಇಳಕಲ್’ ಸೀರೆಗಳಲ್ಲಿ ಕೈಮಗ್ಗದ್ದು ಎಷ್ಟು ಅಂತ ಯಾರಾದರೂ ಎಣಿಸಿದ್ದಾರಾ? ಹುಡುಗರ ಇಳಕಲ್ ಅಂಗಿಗಳ ಬಗ್ಗೆ ಕೇಳಲೇಬೇಡಿ.

ದೇಶದ ಕೈಮಗ್ಗ ಗಣತಿಯ ಲೆಕ್ಕ ಹೀಗಿದೆ: 1995-96ರಲ್ಲಿ ಈ ಕೆಲಸದಲ್ಲಿದ್ದವರು 65.5 ಲಕ್ಷ, 2009-10ರಲ್ಲಿ 43.31 ಲಕ್ಷ, 2019-20ರಲ್ಲಿ 35.22 ಲಕ್ಷ. ಸುಸ್ಥಿರ ಅಭಿವೃದ್ಧಿಯ ಶಿಕ್ಷಣ ಕಡ್ಡಾಯ ಆದ ಅದೇ ಕಾಲದಲ್ಲಿ, ಕರೆಂಟೇ ಬೇಡದ ಒಂದು ಇಡೀ ಉದ್ಯಮ ಅರ್ಧಕ್ಕೆ ಇಳಿದಿದೆ. ಒಂದಕ್ಕೆ ಇನ್ನೊಂದು ಕಾರಣ ಅಂತ ನಾವು ಹೇಳ್ತಿಲ್ಲ. ಆದರೆ ಒಂದರ ಪುಸ್ತಕದಲ್ಲಿ ಇನ್ನೊಂದರ ಸುದ್ದಿಯೇ ಇಲ್ಲ. ಪುಸ್ತಕದಲ್ಲಿ ಸುಸ್ಥಿರ ಅಂದರೆ ಸೋಲಾರ್ ಪ್ಯಾನಲ್, ಎಲೆಕ್ಟ್ರಿಕ್ ಕಾರು, ಗ್ರೀನ್ ಬಿಲ್ಡಿಂಗ್. ಎಲ್ಲವೂ ನಾವು ಮುಂದೆ ಕೊಂಡುಕೊಳ್ಳಬೇಕಾದ ವಸ್ತುಗಳೇ. ಈಗಾಗಲೇ ಇರೋದನ್ನು ಉಳಿಸಿಕೊಳ್ಳೋದು ಅದರಲ್ಲಿ ಅಧ್ಯಾಯವೇ ಅಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದೂ ಒಂದು ಫೋಟೋ ಬ್ಲಾಗೇ ಆಗುತ್ತೆ, ಕೈಮಗ್ಗ ಒಳ್ಳೇದು, ಪವರ್‌ಲೂಮ್ ಕೆಟ್ಟದ್ದು ಅಂತ. ಹಾಗಿಲ್ಲ. ಹೆಚ್ಚು ಹೊತ್ತು ಕೂತರೆ ಬೇರೆ ವಿಷಯಗಳು ಹೊರಗೆ ಬರ್ತವೆ. ಮಳೆಗಾಲದಲ್ಲಿ ಕುಣಿಗೆ ತೇವ ಏರುತ್ತೆ, ನೀರೂ ನಿಲ್ಲುತ್ತೆ, ಕಾಲು ಮಂಡಿ ಹಿಡಿದುಕೊಳ್ಳುತ್ತೆ, ನೂಲು ಬಿಗಿ ಕೂರೋದಿಲ್ಲ, ಆಗ ಕೂಲಿನೂ ಇಲ್ಲ. ಬಣ್ಣದ ವಿಷಯ ಇನ್ನೊಂದು. ಹತ್ತಿ ನೂಲಿಗೆ ಪಕ್ಕಾ ಬಣ್ಣ ಹಿಡಿಸೋಕೆ ಕಾಸ್ಟಿಕ್ ಸೋಡಾ, ಹೈಡ್ರೋಸಲ್ಫೈಟ್ ಬೇಕು. ಬಣ್ಣಗಾರರು ಬರಿಗೈಯಲ್ಲಿ ಲಡಿ ಅದ್ದಿ ತೆಗೀತಾರೆ. ತೊಳೆದ ನೀರು ಚರಂಡಿಗೆ. ಚರಂಡಿ ಎಲ್ಲಿಗೆ ಅಂತ ಕೇಳಿದರೆ ಎಲ್ಲರೂ ಇಳಿಜಾರಿನ ಕಡೆ ಕೈ ತೋರಿಸ್ತಾರೆ. ಮಲಪ್ರಭೆ ಇದೇ ಸೀಮೆಯಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತೆ. ಕೈಮಗ್ಗದ ಸೀರೆಗೆ ಕರೆಂಟು ಸೊನ್ನೆ ನಿಜ, ಅದರ ಬಣ್ಣದ ನೀರು ಸೊನ್ನೆ ಅಲ್ಲ.

ಇಲ್ಲಿ ನಮ್ಮ ಓದು ನೆನಪಾಯಿತು. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಎಲ್ಲರೂ ಇಡಿಟಿಎ ಹಾಕಿ ನೀರಿನ ಗಡಸುತನ ಕಂಡುಹಿಡಿದಿದ್ದೀರಿ, ಹೌದಲ್ಲ? ವೈನ್ ರೆಡ್‌ನಿಂದ ನೀಲಿ ಆಗೋದು. ಆ ನೀರು ಯಾವ ಊರಿನದ್ದು? ಯಾವ ಊರಿನದ್ದೂ ಅಲ್ಲ. ಬೆಳಿಗ್ಗೆ ಲ್ಯಾಬಿನಲ್ಲಿ ಉಪ್ಪು ಕರಗಿಸಿ ತಯಾರಿಸಿದ್ದು. ಉತ್ತರ ಮೊದಲೇ ಗೊತ್ತಿರುತ್ತೆ, ಹತ್ತಿರ ಬಂದವರಿಗೆ ಮಾರ್ಕ್ಸ್. ಗಡಸು ನೀರಿನ ಊರುಗಳ ಮಧ್ಯೆ ಕಾಲೇಜು ಕಟ್ಟಿ, ಒಳಗೆ ಗಡಸು ನೀರು ತಯಾರಿಸಿ ಪರೀಕ್ಷೆ ಮಾಡ್ತೀವಿ. ಅದೇ ಬ್ಯುರೆಟ್, ಅದೇ ಎರಡು ಗಂಟೆ, ಸ್ಯಾಂಪಲ್ ಮಾತ್ರ ಕಮತಗಿಯ ಬೋರ್‌ವೆಲ್ಲಿನದ್ದು ಆಗಿದ್ದರೆ? ಕುಡಿಯುವ ನೀರಿಗೆ ಬಿಐಎಸ್ ಮಾನದಂಡ ಪಿಎಚ್ 6.5ರಿಂದ 8.5, ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 2000ದ ತನಕ. ಇದು ನಮಗೆ ಬರುತ್ತೆ. ಪರೀಕ್ಷೆಯಲ್ಲಿ ಬರೆದಿದ್ದೀವಿ. ಆದರೆ ಸೋಷಿಯಲ್ ಕನೆಕ್ಟಿಗೆ ಇದನ್ನು ಯಾರೂ ಕೇಳೋದಿಲ್ಲ, ಕೆಮಿಸ್ಟ್ರಿಗೆ ಊರನ್ನು ಯಾರೂ ಕೇಳೋದಿಲ್ಲ. ಎರಡೂ ಬೇರೆ ಬೇರೆ ಸಬ್ಜೆಕ್ಟ್ ಕೋಡ್.

ಒಂದು ಸಲ ಅಳೆದರೆ ಸಾಲದು ಅನ್ನೋದೂ ನಿಜ. ಬೇಸಿಗೆಯ ಒಂದು ರೀಡಿಂಗ್ ಹಿಡಿದುಕೊಂಡು ಊರಿನ ನೀರು ಕೆಟ್ಟಿದೆ ಅಂತ ಪೇಪರಿಗೆ ಕೊಟ್ಟರೆ ಅದು ಫೋಟೋಗಿಂತ ಅಪಾಯ. ಬಣ್ಣ ಹಾಕುವ ದಿನ, ಹಾಕದ ದಿನ, ಮಳೆಗೆ ಮುಂಚೆ, ಮಳೆ ಬಂದ ಮೇಲೆ, ಚರಂಡಿಯ ಮೇಲ್ಭಾಗ, ಕೆಳಭಾಗ, ಹೀಗೆ ಕನಿಷ್ಠ ಒಂದು ವರ್ಷದ ಪಟ್ಟಿ ಬೇಕು. ಎರಡು ವಾರದ 80 ಗಂಟೆ ಇದಕ್ಕೆ ಹೊಂದೋದಿಲ್ಲ. ತಿಂಗಳಿಗೆ ಅರ್ಧ ದಿನದಂತೆ ಎರಡು ವರ್ಷ ಆದರೆ ಹೊಂದುತ್ತೆ. ಗಂಟೆಯ ಲೆಕ್ಕ ಹೆಚ್ಚು ಕಡಿಮೆ ಅಷ್ಟೇ ಬರುತ್ತೆ, ಬೇಕಿದ್ದರೆ ಗುಣಿಸಿ ನೋಡಿ. ಗಿಡಕ್ಕೆ ನಾಲ್ಕು ವರ್ಷ ದತ್ತು ಅಂತ ಸಿಲಬಸ್ ಹೇಳುತ್ತೆ. ಊರಿಗೆ ಯಾಕೆ ಎರಡು ವಾರ?

ನೀರಿನ ಮಾತು ಬಂತು ಅಂತ ಇನ್ನೊಂದು ಉದಾಹರಣೆ. ಹುನಗುಂದ ಸೀಮೆಯಲ್ಲೇ ರಾಮಥಾಳ ಹನಿ ನೀರಾವರಿ ಯೋಜನೆ ಇದೆ. ನಾರಾಯಣಪುರ ಜಲಾಶಯದ ನೀರನ್ನು ಎತ್ತಿ, 24,000 ಹೆಕ್ಟೇರಿಗೆ ಪೈಪಿನಲ್ಲಿ ಹನಿ ಹನಿಯಾಗಿ ಕೊಡೋ ಯೋಜನೆ. ಏಷ್ಯಾದಲ್ಲೇ ದೊಡ್ಡದು ಅಂತ ಇದು ಶುರುವಾದಾಗ ಪತ್ರಿಕೆಗಳು ಬರೆದವು. ಕಾಲುವೆ ನೀರಾವರಿಗಿಂತ ನೀರು ಎಷ್ಟೋ ಉಳಿಯುತ್ತೆ, ಎರಿ ಮಣ್ಣು ಜವುಳಾಗೋದು ತಪ್ಪುತ್ತೆ. ಕಾಗದದ ಮೇಲೆ ಇದಕ್ಕಿಂತ ಸುಸ್ಥಿರವಾದದ್ದು ಸಿಗೋದು ಕಷ್ಟ. ಆದರೆ ಬಸ್ಸಿನಲ್ಲಿ ಹೋಗುವಾಗ ಹೊಲದ ಬದುವಿನ ಮೇಲೆ ಸುರುಳಿ ಸುತ್ತಿಟ್ಟ ಕಪ್ಪು ಪೈಪುಗಳು ನಮ್ಮ ಕಣ್ಣಿಗೆ ಬಿದ್ದಿವೆ. ರೈತರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಇಲಿ ಕಡಿದವು ಅಂತ ಒಬ್ಬರು, ಮಡಿಕೆ ಹೊಡೆಯೋಕೆ ಅಡ್ಡ ಬರ್ತವೆ ಅಂತ ಇನ್ನೊಬ್ಬರು. ‘ಬಿಳಿಜೋಳಕ್ಕ ಹನಿ ನೀರು ಯಾಕ ಬೇಕ್ರಿ, ಹಿಂಗಾರಿ ಹಸಿ ಸಾಕು’ ಅಂತ ಮತ್ತೊಬ್ಬರು. ಅದೂ ಸುಳ್ಳಲ್ಲ. ಇದೇ ಹುನಗುಂದದ ನಾಗರಾಳ ಮನೆತನ ಎರಿ ಹೊಲದಲ್ಲಿ ಮಳೆ ನೀರು ಮಣ್ಣು ಎರಡನ್ನೂ ಹಿಡಿದಿಡೋ ಒಡ್ಡುಗಳಿಗೆ ಹೆಸರಾದದ್ದು. ಸಿವಿಲ್‌ನವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ? ಒಂದು ಕಡೆ ಪಂಪು, ಪೈಪು, ವಾಲ್ವು. ಇನ್ನೊಂದು ಕಡೆ ಕಲ್ಲು ಮಣ್ಣಿನ ಒಡ್ಡು. ಯಾವ ಬೆಳೆಗೆ, ಯಾವ ರೈತನಿಗೆ, ಯಾವುದು ಹೊಂದುತ್ತೆ ಅಂತ ಕೂತು ಲೆಕ್ಕ ಹಾಕೋ ಪ್ರಾಜೆಕ್ಟು ನಮ್ಮ ಬಾಗಿಲಲ್ಲೇ ಬಿದ್ದಿದೆ. ನಾವು ಮಾತ್ರ ‘ಸ್ಮಾರ್ಟ್ ಇರಿಗೇಷನ್ ಯೂಸಿಂಗ್ ಆರ್ಡುಯಿನೋ’ ಅಂತ ಪ್ಲಾಸ್ಟಿಕ್ ಕುಂಡದಲ್ಲಿ ಸೆನ್ಸರ್ ಚುಚ್ಚಿ ಡೆಮೋ ಕೊಡ್ತೀವಿ. ಪ್ರತಿ ವರ್ಷ, ಅದೇ ಕುಂಡ.

ಇನ್ನು ‘ಯುವಜನರ ತೊಡಗುವಿಕೆ’. ಈ ಶಬ್ದ ಕೇಳಿದಾಗಲೆಲ್ಲ ನಮಗೊಂದು ಅನುಮಾನ: ಯಾವ ಯುವಜನ? ಆ ಅಜ್ಜಿಯ ಮೊಮ್ಮಗನಿಗೆ ಇಪ್ಪತ್ತೆರಡು. 15ರಿಂದ 29ರ ಒಳಗೇ ಇದ್ದಾನೆ. ಪಿಯುಸಿಗೆ ಓದು ಬಿಟ್ಟು ಗೋವಾಕ್ಕೆ ಕೆಲಸಕ್ಕೆ ಹೋಗಿದ್ದಾನೆ. ಅವನಿಗೆ ಆಕ್ಟಿವಿಟಿ ಪಾಯಿಂಟ್ ಇಲ್ಲ, ಎನ್‌ಎಸ್‌ಎಸ್ ಇಲ್ಲ, ಪೋರ್ಟಲ್ಲಿನ ಹೆಸರೂ ಗೊತ್ತಿಲ್ಲ. ನಮ್ಮನ್ನು ಅವನ ಮನೆಗೆ ಕಳಿಸೋ ನೀತಿ ಇದೆ, ಅವನನ್ನು ಅವನ ಮನೆಯಲ್ಲೇ ಉಳಿಸಿಕೊಳ್ಳೋ ನೀತಿಯ ಜೊತೆ ಅದಕ್ಕೆ ಸಂಬಂಧವೇ ಇಲ್ಲ. ನಮ್ಮ ಕಣ್ಣಿಗೆ ದೊಡ್ಡ ತಪ್ಪು ಕಾಣೋದು ಇಲ್ಲೇ. ನೀತಿಯಲ್ಲಿ ಯುವಜನ ಅಂದರೆ ಕಾಲೇಜಿನಲ್ಲಿ ಸಿಗುವ, ಸಾಲಾಗಿ ನಿಲ್ಲಿಸೋಕೆ ಬರುವ ಯುವಜನ.

ಸಾಲಾಗಿ ನಿಲ್ಲದ ಯುವಜನರು ಕರ್ನಾಟಕದಲ್ಲಿ ಏನು ಮಾಡಿದ್ದಾರೆ ಅಂತಲೂ ನೆನಪಿಸಿಕೊಳ್ಳಬೇಕು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಲ್ಕಣಿ ಕಾಡಿನಲ್ಲಿ ಮರ ಕಡಿಯೋದನ್ನು ತಡೆಯೋಕೆ ಮರಗಳನ್ನು ಅಪ್ಪಿಕೊಂಡದ್ದು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು, ಗಂಡಸರು, ಯುವಕ ಮಂಡಳಿಯ ಹುಡುಗರು. ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆಯವರ ಹೆಸರು ಅದರ ಜೊತೆ ಬರುತ್ತೆ. ಯಾವ ನೀತಿಯೂ ಅವರಿಗೆ ಗಂಟೆಗೆ ಪಾಯಿಂಟ್ ಕೊಟ್ಟಿರಲಿಲ್ಲ. ಅಷ್ಟು ದೂರ ಯಾಕೆ, ನಮ್ಮದೇ ಮಲಪ್ರಭೆಗೆ ಮಹದಾಯಿ ನೀರು ಬರಲಿ ಅಂತ ನರಗುಂದದಲ್ಲಿ 2015ರಿಂದ ರೈತರು ಧರಣಿ ಕೂತರು. ಬಂದ್ ಆದಾಗ ನಮ್ಮಲ್ಲಿ ಹೆಚ್ಚಿನವರು ಹೈಸ್ಕೂಲೂ ಸೇರಿರಲಿಲ್ಲ, ಸ್ಕೂಲಿಗೆ ರಜೆ ಸಿಕ್ಕಿತು ಅಂತ ಖುಷಿ. ನದಿ, ಕಾಡು, ಅಣೆಕಟ್ಟು, ಗೋವಾ ಕರ್ನಾಟಕ ಎರಡೂ ರಾಜ್ಯದ ವಾದ, ಎಲ್ಲ ಸೇರಿದ ಪಕ್ಕಾ ಸುಸ್ಥಿರ ಅಭಿವೃದ್ಧಿಯ ಕೇಸ್ ಸ್ಟಡಿ ಅದು. ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯ ಪುಸ್ತಕದಲ್ಲಿ ಆ ಅಧ್ಯಾಯಕ್ಕೆ ಇದ್ದ ಉದಾಹರಣೆ ಅಮೆಜಾನ್ ಕಾಡು. ಅಮೆಜಾನ್ ಬೇಡ ಅಂತಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆಗೆ ನೀರು ನುಗ್ಗಿದ ವರ್ಷವೂ ನಾವು ಪರೀಕ್ಷೆಯಲ್ಲಿ ಅಮೆಜಾನ್ ಬಗ್ಗೆಯೇ ಬರೆದೆವು.

ಭಾಷೆಯ ಮಾತನ್ನೂ ಇಲ್ಲೇ ಹೇಳಿಬಿಡ್ತೀವಿ, ಕನ್ನಡ ಸಂಘದ ಪತ್ರಿಕೆ ಅಂತ ಅಲ್ಲ. ಕಮತಗಿಯಲ್ಲಿ ನಮ್ಮ ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು, ಕೊಟ್ಟ ಫಾರ್ಮ್ಯಾಟ್ ಹಾಗೇ ಇತ್ತು. ‘ಸಸ್ಟೇನೆಬಲ್’ ಅನ್ನೋದಕ್ಕೆ ‘ಸುಸ್ಥಿರ’ ಅಂತ ಗೂಗಲ್ ಹೇಳಿತು. ‘ನಿಮ್ಮ ಉದ್ಯೋಗ ಸುಸ್ಥಿರ ಇದೆಯಾ?’ ಅಂತ ಕೇಳಿದರೆ ಎದುರಿಗಿದ್ದವರು ನಮ್ಮನ್ನೇ ಪಾಪ ಅನ್ನೋ ಥರ ನೋಡಿದರು. ಆಮೇಲೆ ಗೆಳತಿಯ ಸೋದರಮಾವ ಬಿಡಿಸಿ ಕೇಳಿದರು: ‘ಕಾಕಾ, ಈ ದಂಧೆ ನಿಮ್ಮ ಮಕ್ಕಳ ತನಕ ತಾಳತೈತೇನ್ರಿ?’ ಆಗ ಅರ್ಧ ಗಂಟೆ ಮಾತು. ತಾಳೋದು, ಬಾಳಿಕೆ ಬರೋದು. ಸೀರೆಗೂ ಅದೇ ಮಾತು, ಹೊಲಕ್ಕೂ ಅದೇ ಮಾತು, ಸಂಬಂಧಕ್ಕೂ ಅದೇ. ಶಬ್ದ ಊರಿನಲ್ಲೇ ಇತ್ತು, ನೀತಿಗೆ ಗೊತ್ತಿರಲಿಲ್ಲ. ಆ ಸಂಜೆ ರಿಪೋರ್ಟ್ ಬರೆಯುವಾಗ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಸಬ್ಮಿಟ್ ಮಾಡಬೇಕಾಯಿತು. ಆ ರಿಪೋರ್ಟ್ ಕಮತಗಿಯಲ್ಲಿ ಯಾರೂ ಓದೋದಿಲ್ಲ. ಓದೋಕೆ ಅವರಿಗೆ ಅದು ಸಿಗೋದೂ ಇಲ್ಲ.

ನಮ್ಮ ಮೇಲೆ ಬರುವ ಆಕ್ಷೇಪಗಳು ಗೊತ್ತಿವೆ, ಹಾಸ್ಟೆಲಿನಲ್ಲಿ ಆಗಲೇ ಕೇಳಿಸಿಕೊಂಡಿದ್ದೀವಿ. ‘ಲೇ, ಮ್ಯಾಥ್ಸ್ ಬ್ಯಾಕ್ ಇಟ್ಕೊಂಡು ಊರು ಉದ್ಧಾರ ಮಾಡ್ತೀರೇನ್ರೋ?’ ಇದು ಮೊದಲನೆಯದು. ಎರಡನೆಯದು, ಪ್ಲೇಸ್‌ಮೆಂಟಿಗೆ ಇದರಿಂದ ಏನು ಉಪಯೋಗ. ಮೂರನೆಯದು ಸ್ವಲ್ಪ ಗಂಭೀರವಾದದ್ದು: ನಾವು ಇಂಜಿನಿಯರುಗಳು, ಸಮಾಜಸೇವಕರಲ್ಲ, ಊರಿನ ಸಮಸ್ಯೆಗೆ ಸರಕಾರ ಇದೆ. ಮೊದಲ ಎರಡಕ್ಕೆ ಉತ್ತರ ಸುಲಭ. 100 ಪಾಯಿಂಟ್ ಹೇಗೂ ಮಾಡಲೇಬೇಕು, ಗಂಟೆ ಹೇಗೂ ಹೋಗುತ್ತೆ. ಮೂರನೆಯದಕ್ಕೆ ನಾವು ಅರ್ಧ ಒಪ್ತೀವಿ. ಹೌದು, ನಾವು ಸಮಾಜಸೇವಕರಲ್ಲ. ಅದಕ್ಕೇ ನಮ್ಮನ್ನು ಕಸ ಗುಡಿಸೋಕೆ, ಬ್ಯಾನರ್ ಹಿಡಿಯೋಕೆ ಕಳಿಸಬೇಡಿ. ಲೆವೆಲಿಂಗ್ ಮಾಡಿ ಚರಂಡಿಯ ಇಳಿಜಾರು ಅಳೆಯೋಕೆ ಕಳಿಸಿ. ಕುಣಿಯ ತೇವ ಅಳೆಯೋಕೆ ಕಳಿಸಿ. ಮೆಕ್ಯಾನಿಕಲ್‌ನವರು ಪೆಡಲಿನ ಭಾರ ನೋಡಲಿ, ಅಜ್ಜಿಯ ಮಂಡಿ ಉಳಿಯಬಹುದು. ಆಗ ಸರಕಾರಕ್ಕೂ ಕೇಳೋಕೆ ಒಂದು ಲೆಕ್ಕ ಇರುತ್ತೆ.

ಮೇಷ್ಟ್ರುಗಳ ಬಗ್ಗೆ ನಮಗೆ ದೂರಿಲ್ಲ. ನೂರಾರು ಹುಡುಗರ ಪಾಯಿಂಟ್ ಲೆಕ್ಕ ಇಡಬೇಕಾದವರಿಗೆ ಫೋಟೋನೇ ಗಟ್ಟಿ ಸಾಕ್ಷಿ ಅನ್ನಿಸೋದು ಸಹಜ, ಜಿಯೋಟ್ಯಾಗ್ ಬೇರೆ ಇರುತ್ತೆ. ಸಾಕ್ಷಿ ಬೇಕು, ಒಪ್ಪಿದೆವು. ಆದರೆ ಒಂದು ವರ್ಷದ ರೀಡಿಂಗ್ ಬರೆದ ಪುಸ್ತಕ ಫೋಟೋಗಿಂತ ಗಟ್ಟಿ ಸಾಕ್ಷಿ ಅಲ್ಲವಾ? ಅದನ್ನು ಸುಳ್ಳು ಮಾಡೋಕೆ ನಿಜ ಮಾಡೋಕಿಂತ ಹೆಚ್ಚು ಕಷ್ಟ ಬೇಕು. ಲ್ಯಾಬ್ ರೆಕಾರ್ಡ್ ಕಾಪಿ ಹೊಡೆದ ಅನುಭವ ಇರೋರಿಗೆ ಇದು ಗೊತ್ತು.

ನಾವು ಕೇಳ್ತಿರೋದು ಹೊಸ ನೀತಿ ಅಲ್ಲ, ಇರೋದರಲ್ಲೇ ಆಗುವಂಥದ್ದು. ಕಾಲೇಜು ಸುತ್ತಲಿನ ಕೆಲವು ಊರುಗಳನ್ನು ಇಟ್ಟುಕೊಳ್ಳಲಿ, ಪ್ರತಿ ಬ್ಯಾಚಿಗೆ ಬದಲಿಸೋದು ಬೇಡ. ಒಂದು ಊರಿಗೆ ಒಂದು ರಿಜಿಸ್ಟರ್. ಸೀನಿಯರ್ ಬರೆದದ್ದನ್ನು ಜೂನಿಯರ್ ಮುಂದುವರಿಸಲಿ. ಎರಡನೇ ಸಲ ಹೋದವರಿಗೆ ಮೊದಲ ಸಲಕ್ಕಿಂತ ಹೆಚ್ಚು ಪಾಯಿಂಟ್ ಕೊಡಲಿ. ಪಾಯಿಂಟ್ ಫಾರ್ಮಿನಲ್ಲಿ ಊರಿನವರಿಗೂ ಒಂದು ಕಾಲಂ ಇರಲಿ, ಅವರಿಗೆ ಏನು ಸಿಕ್ಕಿತು ಅಂತ ಅವರೇ ಹೇಳಲಿ, ಬೈದರೂ ಪರವಾಗಿಲ್ಲ. ವರದಿಯ ಕನ್ನಡ ಪ್ರತಿಯೊಂದು ಪಟ್ಟಣ ಪಂಚಾಯತಿಗೆ ಹೋಗಲಿ. ಇಷ್ಟರಲ್ಲಿ ದೆಹಲಿಯ ಅನುಮತಿ ಬೇಕಾದದ್ದು ಏನೂ ಇಲ್ಲ.

ಕಮತಗಿಯ ರಿಜಿಸ್ಟರ್ ನಾವು ಶುರು ಮಾಡಿದ್ದೀವಿ. ಇನ್ನೂರು ಪುಟದ ಲಾಂಗ್ ಬುಕ್, ಮೇಲೆ ಊರಿನ ಹೆಸರು, ಒಳಗೆ ಸದ್ಯಕ್ಕೆ ನಾಲ್ಕೇ ಪುಟ ತುಂಬಿದೆ: ಯಾವ ಬೋರ್‌ವೆಲ್, ಯಾವ ಚರಂಡಿ, ಯಾವ ತಾರೀಖು, ಎಷ್ಟು ಹೊತ್ತಿಗೆ. ಪಿಎಚ್ ಪೇಪರ್ ಮತ್ತು ಟಿಡಿಎಸ್ ಮೀಟರ್ ನಾಲ್ಕೂ ಜನ ಸೇರಿ ಕೊಂಡದ್ದು. ಎರಡನೇ ಸಲ ಹೋದಾಗ ಅಜ್ಜಿ ಮೊದಲು ಗುರುತು ಹಿಡಿಯಲಿಲ್ಲ, ಸೆರಗು ಸರಿ ಮಾಡಿಕೊಂಡು ಫೋಟೋಗೆ ಕೂತರು. ನೀರು ಅಳೆಯೋಕೆ ಬಂದೀವಿ ಅಂದಾಗ ಹಿತ್ತಲಿನ ಹಳೇ ಬಾವಿಯನ್ನೂ ತೋರಿಸಿದರು, ನಮ್ಮ ಪಟ್ಟಿಯಲ್ಲಿ ಇಲ್ಲದ್ದು. ಬಣ್ಣದ ಮನೆಯವರು ಮಾತ್ರ ಇನ್ನೂ ಒಪ್ಪಿಲ್ಲ. ನೋಟಿಸ್ ಬರುತ್ತೆ ಅಂತ ಅವರ ಹೆದರಿಕೆ, ಆ ಹೆದರಿಕೆ ಸುಮ್ಮನೆ ಅಲ್ಲ. ಅವರ ಹೆಸರು ಬರೆಯದೆ ಲೆಕ್ಕ ಮಾತ್ರ ಬರೆಯೋದು ಹೇಗೆ ಅಂತ ಮಾತಾಡ್ತಾ ಇದ್ದೀವಿ. ಕೆಮಿಕಲ್ ಅಥವಾ ಸಿವಿಲ್‌ನ ಫಸ್ಟ್ ಇಯರ್‌ನವರು ಯಾರಾದರೂ ಬರೋದಾದರೆ, ಮುಂದಿನ ರೀಡಿಂಗ್ ಮುಂಗಾರು ಹಿಡಿಯೋ ಮುಂಚಿನ ಶನಿವಾರ. ಬಸ್ ಚಾರ್ಜ್ ನಿಮ್ಮದೇ. ಪಾಯಿಂಟ್ ಸಿಗುತ್ತಾ ಅಂತ ಇನ್ನೂ ಕೇಳಿಲ್ಲ.